ಎರಡನೇ ಬ್ರೇಕ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲಡಿ. ಹನ್ನೊಂದು ವರ್ಷದಿಂದ ನನ್ನ ಕಾಲು ಆ ಎರಡನೆಯದರ ಮೇಲಿದೆ. ಎಷ್ಟೋ ಕಾಂಪೌಂಡ್ ಗೋಡೆಗಳು ಅದರಿಂದ ಬಚಾವಾಗಿವೆ.

ಹೋದ ವರ್ಷ ದೊಡ್ಡ ಸೇತುವೆಯ ಮೇಲೆ ವಾಹನಗಳು ಕದಲದೆ ನಿಂತಿದ್ದಾಗ ಇದ್ದಕ್ಕಿದ್ದಂತೆ ನನ್ನ ಎದೆ ಡವಡವ ಹೊಡೆದುಕೊಂಡಿತು. ಬೆರಳುಗಳು ಜುಮ್ಮೆಂದವು, ಉಸಿರು ಸಿಗಲಿಲ್ಲ. ಮುಗಿಯಿತು ನನ್ನ ಕತೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು, "ಹೃದಯ ಗಟ್ಟಿಯಾಗಿದೆ. ಇದು ಪ್ಯಾನಿಕ್. ಏರುತ್ತೆ, ಹತ್ತು ಹದಿನೈದು ನಿಮಿಷದಲ್ಲಿ ತಾನೇ ಇಳಿಯುತ್ತೆ. ಬಂದಾಗ ಉಸಿರು ನಿಧಾನವಾಗಿ ಹೊರಗೆ ಬಿಡಿ. ಕಣ್ಣಿಗೆ ಕಂಡಿದ್ದನ್ನ ಒಂದೊಂದೇ ಹೆಸರು ಹಿಡಿದು ಹೇಳಿ. ಆ ಜಾಗ ಬಿಟ್ಟು ಮಾತ್ರ ಓಡಬೇಡಿ" ಅಂದರು.

ಮೊದಲೆರಡು ಮಾತು ಕೇಳಿದೆ. ಕೊನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಡೆ ಕಾರು ತಿರುಗಿಸುವುದನ್ನೇ ಬಿಟ್ಟೆ. ಹೆದರಿಕೆಗೆ ಜಗಲಿ ಬಿಟ್ಟುಕೊಟ್ಟರೆ ನಡುಮನೆ ಕೇಳುತ್ತದೆ. ಮೊದಲು ಸೇತುವೆ ಹೋಯಿತು, ಆಮೇಲೆ ಸೇತುವೆಗೆ ಹೋಗುವ ರಸ್ತೆ, ಆಮೇಲೆ ಆ ರಸ್ತೆಯ ತುದಿಯ ಔಷಧದಂಗಡಿ. ಯಾರಿಗೂ ಹೇಳಲಿಲ್ಲ. "ಅಲ್ಲಿ ಗಾಡಿ ಜಾಸ್ತಿ" ಎಂಬ ನೆಪ ಹೇಳಿ ಎಲ್ಲರಿಗೂ ಸಪಾಟು ರಸ್ತೆಯಲ್ಲೇ ಪಾಠ ಮಾಡಿದೆ.

ಎರಡು ತಿಂಗಳ ಹಿಂದೆ ಲೈಸೆನ್ಸ್ ಪರೀಕ್ಷೆಯ ದಾರಿಗೆ ಸೇತುವೆಯನ್ನೂ ಸೇರಿಸಿದರು. ನನ್ನ ಇಬ್ಬರು ಶಿಷ್ಯರು ಒಬ್ಬರ ಹಿಂದೊಬ್ಬರು ಫೇಲಾದರು. ಏರಿನಲ್ಲಿ ನಿಂತ ಕಾರನ್ನು ಮತ್ತೆ ಮುಂದಕ್ಕೆ ಹೊರಡಿಸಲು ಬರದೆ ಹಿಂದಕ್ಕೆ ಜಾರಿದ್ದರು. ಬರುವುದಾದರೂ ಹೇಗೆ? ನಾನು ಕಲಿಸಿದ್ದರೆ ತಾನೇ? "ಮೂರನೆಯವರೂ ಫೇಲಾದ್ರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ" ಅಂದರು ಮಾಲೀಕರು.

ಮೂರನೆಯವರು ಟೈಲರಕ್ಕ. ವಯಸ್ಸು ಐವತ್ಮೂರು, ಹೊಲಿದು ಹೊಲಿದು ಬೆನ್ನು ಹೋಗಿತ್ತು. ಲೈಸೆನ್ಸ್ ಸಿಕ್ಕರೆ ಸೋಮವಾರದಿಂದ ಶಾಲೆಯ ವ್ಯಾನ್ ಓಡಿಸುವ ಕೆಲಸ ಕಾದಿತ್ತು. ಪರೀಕ್ಷೆಯ ಹಿಂದಿನ ದಿನ ಕಾರು ಹತ್ತಿದವರೇ ಅಂದರು:

"ಮೇಡಂ, ಊರಿನ ಗಲ್ಲಿಗಲ್ಲಿ ಸುತ್ತಿಸಿದ್ರಿ. ಆ ಸೇತುವೆ ಒಂದನ್ನ ಮಾತ್ರ ಹೊಸ ಬಟ್ಟೆ ಥರ ಬೀರುನಲ್ಲೇ ಇಟ್ಟಿದೀರಲ್ಲ!"

"ಇವತ್ತು ಹೋಗೋಣ" ಅಂದೆ.

ಮಧ್ಯಾಹ್ನ ಮೂರು ಗಂಟೆ. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಬಸ್ಸು ನಿಂತಿತು. ಹಿಂದೆ ಸಿಮೆಂಟ್ ಲಾರಿ, ಕನ್ನಡಿಯ ತುಂಬ ಅದರ ಮುಖವೇ. ನನ್ನ ಕಿವಿ ಬಿಸಿಯಾಯಿತು. ಅಂಗೈ ತಣ್ಣಗಾಯಿತು. ಬಂತು.

"ನಿಂತೆ ಮೇಡಂ. ಮುಂದೆ?"

"ಅರ್ಧ ಕ್ಲಚ್ ಬಿಡಿ. ಕಾರಿನ ಮೂತಿ ಚೂರು ಎದ್ದ ಹಾಗಾಗುತ್ತೆ. ಆಗ ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರ್ ಕೊಡಿ." ಬೇರೆ ಯಾರೋ ಮಾತಾಡಿದಂತಿತ್ತು.

ಬಸ್ಸು ಹೊರಟಿತು. ಅಕ್ಕ ಕ್ಲಚ್ ಬಿಟ್ಟರು. ಕಾರು ನಡುಗಿ ಆಫ್ ಆಯಿತು. ಲಾರಿಯ ಹಾರನ್ನು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫ್. ಮೂರನೇ ಸಲವೂ ಅದೇ.

"ಥೂ! ಮೂವತ್ತು ವರ್ಷ ಮಷಿನ್ ತುಳಿದ ಕಾಲಿದು. ಇದಕ್ಕೆ ಇಷ್ಟೂ ತಿಳಿಯಲ್ಲ ಅಂದ್ರೆ..." ಸ್ಟೀರಿಂಗಿನಿಂದ ಕೈ ತೆಗೆದರು. "ನಾಳೆ ನಾನು ಬರಲ್ಲ ಬಿಡಿ ಮೇಡಂ. ಇದು ನನ್ನ ಹಣೇಲಿ ಬರೆದಿಲ್ಲ."

ನಾನು ಕೆಳಗೆ ನೋಡಿದೆ. ಎರಡನೇ ಬ್ರೇಕ್ ನೆಲಕ್ಕಂಟುವಷ್ಟು ಒತ್ತಿಹೋಗಿತ್ತು. ಅದರ ಮೇಲೆ ನನ್ನ ಕಾಲು, ಮೊಣಕಾಲು ಗೂಟದಂತೆ ಸೆಟೆದಿತ್ತು. ಅಕ್ಕನ ಕಾಲುಗಳು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಸುಮ್ಮನಿದ್ದರೆ ಅವರು ತಮ್ಮದೇ ತಪ್ಪು ಅಂದುಕೊಂಡು ಮನೆಗೆ ಹೋಗುತ್ತಿದ್ದರು. ನನ್ನ ಗುಟ್ಟು ಉಳಿಯುತ್ತಿತ್ತು. ಸುಮ್ಮನಿರೋಣ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ.

"ಅಕ್ಕಾ, ತಪ್ಪು ನಿಮ್ಮದಲ್ಲ. ಬ್ರೇಕ್ ನಾನು ತುಳಿದಿದೀನಿ."

"ಯಾಕೆ?"

"ನಂಗೆ ಈ ಸೇತುವೆ ಅಂದ್ರೆ ಭಯ. ಈಗ ಬಂದಿದೆ. ಕಾಲು ಎತ್ತೋಕೆ ಆಗ್ತಿಲ್ಲ."

ಲಾರಿಯವನು ತಲೆ ಹೊರಹಾಕಿದ. "ಏನಮ್ಮಾ, ಅಲ್ಲೇ ಸಂಸಾರ ಹೂಡ್ತೀರಾ?"

ಅಕ್ಕ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿದರು. "ಕಲಿಯೋ ಗಾಡಿ ಅಂತ ಬೋರ್ಡ್ ಇದೆ, ಕಾಣಲ್ವಾ? ನೀನೇನು ಹುಟ್ತಾನೇ ಸ್ಟೀರಿಂಗ್ ಹಿಡ್ಕೊಂಡು ಬಂದ್ಯಾ?" ಒಳಗೆ ಬಂದು ಹ್ಯಾಂಡ್‌ಬ್ರೇಕ್ ಕಿರ್ರನೆ ಎಳೆದರು. "ಇದರಿಂದ ಜೀವಕ್ಕೇನಾದ್ರೂ ಆಗುತ್ತಾ?"

"ಇಲ್ಲ. ಡಾಕ್ಟರು ನೋಡಿದಾರೆ. ಹತ್ತು ನಿಮಿಷದಲ್ಲಿ ಇಳಿಯುತ್ತೆ."

"ಹತ್ತು ನಿಮಿಷ ಆ ಪುಣ್ಯಾತ್ಮ ಕಾಯಲ್ಲ. ಭಯ ಇರೋವಾಗಲೇ ಹೋಗೋಣ. ಉಸಿರು ಬಿಡು ತಂಗಿ. ಎಳೀಬೇಡ, ಬಿಡು. ಸೂಜಿಗೆ ದಾರ ಹಾಕುವಾಗ ಉಸಿರು ಹಿಡಿದ್ರೆ ಕೈ ನಡುಗುತ್ತೆ. ಬಿಡ್ತಾ ಬಿಡ್ತಾ ಹಾಕಬೇಕು."

ಬಿಟ್ಟೆ. ಒಂದು ಸಲ, ಎರಡು ಸಲ. ಐದನೆಯದಕ್ಕೆ ಮೊಣಕಾಲು ಒಂದು ಎಳೆಯಷ್ಟು ಸಡಿಲವಾಯಿತು. ಅಷ್ಟೇ ಸಾಕಾಯಿತು. ಬ್ರೇಕಿನಿಂದ ಕಾಲು ಕಿತ್ತು, ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದು, ಚಕ್ಕಳಮಕ್ಕಳ ಹಾಕಿ ಕೂತೆ. ನಾಳೆ ಪರೀಕ್ಷೆಯಲ್ಲಿಯೂ ಅಲ್ಲಿ ನನ್ನ ಕಾಲು ಇರುವುದಿಲ್ಲವಲ್ಲ.

"ಈಗ ಕಾರು ಪೂರ್ತಿ ನಿಮ್ಮದು ಅಕ್ಕ."

"ಅಯ್ಯೋ, ಈಗ ನಂಗೆ ಭಯ ಶುರುವಾಯ್ತು!"

ಎದೆ ಹೊಡೆದುಕೊಳ್ಳುತ್ತಿದ್ದರೂ ನಗು ಬಂತು. ಅಕ್ಕ ಸ್ಟಾರ್ಟ್ ಮಾಡಿ ಅರ್ಧ ಕ್ಲಚ್ ಬಿಟ್ಟರು, ಮೂತಿ ಎದ್ದಿತು, ಹ್ಯಾಂಡ್‌ಬ್ರೇಕ್ ಇಳಿಸಿದರು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಲಾರಿ ಅರಚಿತು. ನನ್ನ ಕಾಲು ತನ್ನಷ್ಟಕ್ಕೆ ಚಿಮ್ಮಿತು, ಎರಡೂ ಕೈಯಿಂದ ಹಿಡಿದುಕೊಂಡೆ. ಕಾರು ತಡೆದು ನಿಂತು, ಗುರ್ರೆಂದು ಏರತೊಡಗಿತು.

"ಹಸಿರು ಕಂಬಿ. ಎದುರಿಗೆ ಬರೋ ಬಸ್ಸು. ದೀಪದ ಕಂಬ. ಕಂಬದ ಮೇಲೆ ಕಾಗೆ" ಎಂದು ಜೋರಾಗಿ ಹೇಳುತ್ತ ಹೋದೆ.

"ಹೇಳ್ತಿರು, ನಂಗೂ ರಸ್ತೆ ಕಾಣುತ್ತೆ" ಅಂದರು ಅಕ್ಕ.

ಆಚೆ ದಡದಲ್ಲಿ ನಿಲ್ಲಿಸಿದಾಗ ನನ್ನ ಕುಪ್ಪಸ ಬೆನ್ನಿಗೆ ಅಂಟಿತ್ತು. "ಬಳಸು ದಾರಿಯಲ್ಲಿ ವಾಪಸ್ ಹೋಗೋಣ" ಅಂದೆ.

"ತಪ್ಪು ಹೊಲಿಗೇನ ಅಲ್ಲೇ ಕೂತು ಬಿಚ್ಚಬೇಕು. ನಾಳೆ ನೋಡೋಣ ಅಂತ ಇಟ್ರೆ ಅದು ಮೂಲೆ ಸೇರುತ್ತೆ." ನನ್ನ ಉತ್ತರಕ್ಕೆ ಕಾಯದೆ ಕಾರು ತಿರುಗಿಸಿದರು.

ನಾಲ್ಕು ಸಲ ದಾಟಿದೆವು. ಪ್ರತಿ ಸಲವೂ ಏರಿನಲ್ಲಿ ನಿಂತು, ಅಲ್ಲಿಂದಲೇ ಮತ್ತೆ ಹೊರಟೆವು. ಮೂರನೇ ಸಲ, "ಮತ್ತೆ ಬಂತು ಅಕ್ಕ" ಅಂದೆ.

"ಬರಲಿ ಬಿಡು, ಹಿಂದಿನ ಸೀಟು ಖಾಲಿ ಇದೆ. ಚಪ್ಪಲಿ ತುಳೀಬೇಡ ಅಂತ ಹೇಳು."

ಮರುದಿನ ನನ್ನ ಸೀಟಿನಲ್ಲಿ ಪರೀಕ್ಷೆಯ ಅಧಿಕಾರಿ ಕೂತಿದ್ದರು. ನಾನು ಸೇತುವೆಯ ಬುಡದಲ್ಲಿ ನಿಂತು ನೋಡುತ್ತಿದ್ದೆ. ಏರಿನಲ್ಲಿ ಕಾರು ನಿಂತಿತು, ಹಿಂದಿನ ಕೆಂಪು ದೀಪ ಹತ್ತಿತು. ನಾನು ಉಸಿರು ಹಿಡಿದಿದ್ದೆ. ನೆನಪಾಗಿ ಬಿಟ್ಟೆ. ದೀಪ ಆರಿತು, ಕಾರು ಕೂದಲೆಳೆಯಷ್ಟೂ ಜಾರದೆ ಮೇಲಕ್ಕೆ ಹೋಯಿತು.

ಅಕ್ಕ ಪಾಸಾದರು. ಅಲ್ಲೇ ನಿಂತು ಫೇಲಾಗಿದ್ದ ಇಬ್ಬರಿಗೂ ಫೋನ್ ಮಾಡಿದೆ. "ನೀವು ಫೇಲಾಗಿದ್ದು ನನ್ನಿಂದ. ಸೇತುವೆ ಅಂದ್ರೆ ನಂಗೆ ಭಯ, ಅದಕ್ಕೇ ಕಲಿಸಿರಲಿಲ್ಲ. ನಾಳೆ ಬನ್ನಿ, ಪಾಠ ಅಲ್ಲಿಂದಲೇ ಶುರು."

ಅವರಲ್ಲೊಬ್ಬ ಕೇಳಿದ, "ಮೇಡಂ, ನಾಳೆ ಅಲ್ಲಿ ನಿಮಗೆ ಭಯ ಬಂದ್ರೆ?"

"ಬರುತ್ತೆ. ನೀವು ಕ್ಲಚ್ ನೋಡ್ಕೊಳ್ಳಿ, ಅದನ್ನ ನಾನು ನೋಡ್ಕೋತೀನಿ."