ಅರೆದ ಉಪ್ಪು

ಮೂರನೆಯ ಲೋಟವೂ ಬಿತ್ತು, ನರ್ಸಮ್ಮ ಮತ್ತೆ ಎತ್ತಿ ಕೊಡುತ್ತಾಳೆ, ಕಯಲ್ ಕಂದಾ, ಇದನ್ನ ಅದರ ಮೇಲಿಡು ನೋಡೋಣ, ನನ್ನ ಮೊಮ್ಮಗಳು ಲೋಟ ನೋಡುವುದಿಲ್ಲ, ಬಾಯಿ ತೆರೆದುಕೊಂಡು ಬಾಗಿಲ ಬೆಳಕನ್ನೇ ನೋಡುತ್ತಾಳೆ, ನಾಲ್ಕು ವರ್ಷ ತುಂಬಿತು, ಅಪ್ಪನ ತಾಯಿ ನಾನು, ಇನ್ನೂ ನನ್ನನ್ನು ಅಪ್ಪತ್ತಾ ಎಂದು ಕರೆದಿಲ್ಲ — ನಮ್ಮೂರು ವೇದಾರಣ್ಯದ ಬಿಸಿಲೆಲ್ಲ ಈ ಬಾಲವಾಡಿಯ ತಗಡಿನ ಮೇಲೇ ಬಿದ್ದಿದೆ, ಸಮುದ್ರದ ನೀರು ನಿಲ್ಲಿಸಿದ ಪಾತಿಗಳಲ್ಲಿ ಉಪ್ಪು ಕಟ್ಟಿರಬೇಕು, ನನ್ನ ಸೋಮಾರಿ ಮಗ ಬಾಚಿದನೋ ಇಲ್ಲವೋ — ಸೊಸೆ ತವಮಣಿ ನರ್ಸಮ್ಮನನ್ನು ಕೇಳುತ್ತಿದ್ದಾಳೆ, ಬಸುರಿಯಾದಾಗ ನೀವು ಕೊಟ್ಟ ಪೊಟ್ಟಣದ ಉಪ್ಪನ್ನೇ ತಿಂದೆನಲ್ಲಮ್ಮಾ, ಒಂದು ದಿನ ತಪ್ಪಿಸಲಿಲ್ಲ, ಮತ್ಯಾಕೆ ಹೀಗಾಯ್ತು, ನರ್ಸಮ್ಮ ಹಣೆ ಉಜ್ಜಿಕೊಳ್ಳುತ್ತಾಳೆ, ನಂಗೂ ಅದೇ ತಿಳೀತಿಲ್ಲ, ನಿನ್ನ ಕತ್ತಿನ ಊತ, ರಕ್ತ, ಎರಡೂ ಆ ಉಪ್ಪಲ್ಲಿರೋ ಅಯೋಡಿನ್ ಕಮ್ಮಿ ಅಂತಲೇ ಹೇಳ್ತವೆ, ಹೊಟ್ಟೇಲಿದ್ದಾಗ ಮಗುವಿನ ಮಿದುಳಿಗೆ ಬೇಕಾದ್ದು ಸಿಕ್ಕಿಲ್ಲ, ಆಗ ಹೋದದ್ದು ಪೂರಾ ವಾಪಸ್ ಬರಲ್ಲ ತಾಯಿ, ಆದ್ರೂ ಮಾತಾಡಿಸ್ತಾ ಇರು, ಆಡಿಸ್ತಾ ಇರು — ಗೊತ್ತಿರುವುದು ನನಗೊಬ್ಬಳಿಗೆ, ಮೂರು ತಲೆಮಾರು ಉಪ್ಪು ಬೆಳೆದವರು ನಾವು, ಊರಿಗೆಲ್ಲ ಉಪ್ಪು ತಿನ್ನಿಸುವ ಮನೆಗೆ ಹೊರಗಿನ ಪೊಟ್ಟಣವೇ, ಪಕ್ಕದ ಪಾತಿಯ ಅಂಜಲೈ ಬೇರೆ ಕಿವಿಯೂದಿದಳು, ಅದಕ್ಕೆ ಔಷಧಿ ಬೆರೆಸಿದಾರಂತೆ ಅಕ್ಕಾ, ಬಸುರಿ ಹೊಟ್ಟೆಗೆ ಯಾಕೆ ಬೇಕು, ಪೊಟ್ಟಣವನ್ನು ಆಡಿನ ಕಲಗಚ್ಚಿಗೆ ಸುರಿದೆ, ನಮ್ಮ ಹರಳುಪ್ಪನ್ನು ಒರಳಿನಲ್ಲಿ ನುಣ್ಣಗೆ ಅರೆದು ಅದೇ ಪೊಟ್ಟಣಕ್ಕೆ ತುಂಬಿದೆ, ಒಂಬತ್ತು ತಿಂಗಳು, ಹಾಡು ಗುನುಗುತ್ತ ಅರೆದೆ, ಪ್ರೀತಿಯಿಂದಲೇ ಅರೆದೆ, ಆಡು ಅವಳಿ ಮರಿ ಹಾಕಿತು, ಎರಡೂ ಬಲು ಚೂಟಿ.

ತವಮಣಿಗೆ ಈಗ ಮತ್ತೆ ಮೂರು ತಿಂಗಳು, ಹೇಳಿಬಿಡೇ ಮುದುಕಿ, ಹೇಳಿದರೆ ಇವಳು ನನ್ನ ಕೈಯ ನೀರೂ ಮುಟ್ಟುವುದಿಲ್ಲ, ಕಯಲ್‌ಳನ್ನು ನನ್ನ ಮಡಿಲಿಗೆ ಬಿಡುವುದಿಲ್ಲ, ಹೇಳದಿದ್ದರೆ ಗ್ರಹಣದ ದಿನ ಈಳಿಗೆ ಮುಟ್ಟಿದ್ದೇ ತನ್ನ ತಪ್ಪೆಂದು ಅಳುತ್ತಲೇ ಇರುತ್ತಾಳೆ, ನಾಲ್ಕು ವರ್ಷ ಅತ್ತಳು, ನಾನು ಕಣ್ಣೊರೆಸಿದೆ, ನಾಚಿಕೆಗೆಟ್ಟವಳು ನಾನು — ನರ್ಸಮ್ಮ ಚೀಲದಿಂದ ಹೊಸ ಪೊಟ್ಟಣ ತೆಗೆದು ಇವಳ ಕೈಗಿಟ್ಟಳು, ಸದ್ಯ, ಈ ಸಲ ನಾನದನ್ನು ಮುಟ್ಟುವುದೂ ಇಲ್ಲ, ಆಗ ತವಮಣಿ ಹೇಳುತ್ತಾಳೆ, ಬೇಡಮ್ಮಾ, ಈಗ ತಿಳೀತು, ಗ್ರಹಣ ಅಲ್ಲ, ಇದನ್ನ ತಿಂದೇ ಒಂದು ಮಗೂನ ಹೀಗೆ ಮಾಡ್ಕೊಂಡೆ, ಈ ಸಲ ನಮ್ಮತ್ತೆ ಬಾಚಿ ತರೋ ಉಪ್ಪನ್ನೇ ತಿಂತೀನಿ, ಅಲ್ವಾ ಅತ್ತೆ, ನನ್ನತ್ತ ತಿರುಗಿ ನಗುತ್ತಾಳೆ, ಪೊಟ್ಟಣವನ್ನು ವಾಪಸ್ ಚಾಚಿದ್ದಾಳೆ, ನರ್ಸಮ್ಮನ ಕೈ ಮುಂದೆ ಬರುತ್ತಿದೆ, ಬಾಯಿ ಬಿಡೇ ಮುದುಕಿ, ಬಾಯಿ ಬಿಡೇ, ಆ ಕೈಯಿಂದ ಈ ಕೈಗೆ ಪೊಟ್ಟಣ, ಪೊಟ್ಟಣ —