ಆಲೆಮನೆಯಲ್ಲಿ ಬೈಯುವ ಅಪ್ಪ

ಮಗಳು ಸಂಘಮಿತ್ರಾಳ ಪಾಪ್ ಪಂಕ್ ಸಂಗೀತದ ತಂಡ ಹಾಡಿನ ವಿಡಿಯೋ ತೆಗೆಯಲು ಪಾಂಡವಪುರದ ಹತ್ತಿರದ ತಮ್ಮ ಆಲೆಮನೆಯನ್ನು ಕೇಳಿದಾಗ ಸೋಮಯ್ಯನಿಗೆ ಅನುಮಾನವಿರಲಿಲ್ಲ. ಅದರಲ್ಲಿ ಅಪ್ಪನ ಪಾತ್ರ ನೀನೇ ಮಾಡು ಎಂದು ಅವಳು ಅಂದಾಗ ಬಂತು.

“ಈ ಹಾಡು ನನ್ ಮೇಲೆ ಕಟ್ಟಿರೋದೇನವ್ವ?”

“ಇಂಥ ವಿಡಿಯೋದಲ್ಲೆಲ್ಲಾ ಒಂದು ಶೆಡ್ಡು, ಕುಣಿಯೋ ಹುಡುಗ್ರು, ಬೈಯೋ ಅಪ್ಪ ಇದ್ದೇ ಇರ್ತಾರೆ ಕಣಪ್ಪ. ಅದು ರೂಢಿ. ನೀನು ರೇಗ್ಕಂಡು ಬಂದು ಗಿಟಾರಿನ ವೈರು ಕಿತ್ತಾಕು, ಸಾಕು.”

ರೂಢಿ ಅಂತೆ. ಹೋದ ವರ್ಷ ಅವಳ ಪರೀಕ್ಷೆಯ ಹೊತ್ತಿನಲ್ಲಿ ಸೋಮಯ್ಯ ಇಲ್ಲೇ ಆ ವೈರು ಕಿತ್ತಿದ್ದ.

ಡ್ರಮ್ಮು ಶುರುವಾಯಿತು. ಸೋಮಯ್ಯ ಮುಖ ಗಂಟಿಕ್ಕಿಕೊಂಡು ಬಂದವನು, ಗಾಣಕ್ಕೆ ಪೂಜೆ ಮಾಡುವ ಜಾಗವೆಂದು ಎಂದಿನಂತೆ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಆಮೇಲೆ ಒಳಗೆ ನುಗ್ಗಿದ.

ಕ್ಯಾಮೆರಾದ ಲೋಕೇಶ್ ನಕ್ಕುಬಿಟ್ಟ. “ಸಿಟ್ಟು ಬಂದೋನು ಚಪ್ಪಲಿ ಬುಟ್ಟು ಬತ್ತಾನಾ ಸೋಮಣ್ಣ? ಮೆಟ್ಕಂಡೇ ಬನ್ನಿ.”

“ಇರ್ಲಿ ಬುಡು ಲೋಕೇಶಣ್ಣ,” ಎಂದಳು ಮಗಳು. “ಅವತ್ತೂ ಅಪ್ಪ ಬುಟ್ಟೇ ಬಂದಿದ್ದು.”

ಅಂದವಳೇ ನಾಲಿಗೆ ಕಚ್ಚಿಕೊಂಡಳು.

“ಅಂಗಂದ್ರೆ ನನ್ ಮೇಲೇನೆ.”

“ಊಂ ಕಣಪ್ಪ.”

ಸೋಮಯ್ಯ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

“ಇನ್ನೊಂದ್ಸಲ ತಗಿ ಲೋಕೇಶ. ಅವತ್ತು ಎಂಗೆ ಬಂದಿದ್ನೋ ಅಂಗೇ, ಬಾಗ್ಲಲ್ಲಿ ಚಪ್ಪಲಿ ಬುಟ್ಟೇ ಬತ್ತೀನಿ.”