ನಗೆಯಕ್ಕ

ಒಂದು ಹನಿ ಸಂತೋಷವೂ ಇಲ್ಲದೆ ಪೂರಾ ಒಂದು ನಿಮಿಷ ನಗಬಲ್ಲವರನ್ನು ನಾನು ಕಂಡಿರುವುದು ಒಬ್ಬರನ್ನೇ. ಸಿನಿಮಾದ ಪರದೆಯ ಮೇಲೆ ತಲೆ ಕೆದರಿದ ಹೆಂಗಸೊಬ್ಬಳು ಕಾಣಿಸಿಕೊಂಡಳೆಂದರೆ ಅವಳಿಗೆ ದನಿ ಕೊಡಲು ನಿರ್ದೇಶಕರು ಹೇಳಿಕಳಿಸುತ್ತಿದ್ದುದು ಈಕೆಗೇ. ಗಂಟಲಿನ ತಳದಲ್ಲಿ ಬಿಕ್ಕಿನಂತೆ ಹುಟ್ಟಿ, ಮೇಲೇರಿ, ಗಾಜಿನಂತೆ ಒಡೆಯುತ್ತಿದ್ದ ಆ ಹುಚ್ಚುನಗೆಯಿಂದಾಗಿಯೇ ಆಕೆ ಧ್ವನಿಮುದ್ರಣದ ಕೋಣೆಯಲ್ಲಿ ಎಲ್ಲರಿಗೂ ನಗೆಯಕ್ಕ. ಗಾಜಿನ ಈಚೆ ಕೂತು ದನಿ ಹಿಡಿಯುವ ಕೆಲಸ ನನ್ನದು.

ಚಪ್ಪಲಿ ಕಿರುಗುಟ್ಟೀತೆಂದು ಬಾಗಿಲಲ್ಲೇ ಬಿಟ್ಟು, ಬಳೆಗಳನ್ನು ಕರವಸ್ತ್ರದಲ್ಲಿ ಗಂಟುಕಟ್ಟಿ, ಬೆಕ್ಕಿನ ಹೆಜ್ಜೆಯಲ್ಲಿ ಬರುತ್ತಿದ್ದರು. ಮೈಮೇಲೆ ಮೊಣಕೈಗೆ ಎರಡು ಬಾರಿ ತೇಪೆ ಬಿದ್ದ ಕಂದು ಸ್ವೆಟರು. ಇಪ್ಪತ್ತು ವರ್ಷ ಮೈಕಿನ ಮುಂದೆ ನಿಂತ ಅಭ್ಯಾಸಬಲದಿಂದ ಎಲ್ಲ ಮಾತಿನ ಕೊನೆಗೂ ‘ಕೇಳಿಸ್ತಾ?’ ಎಂದು ಸೇರಿಸುತ್ತಿದ್ದರು. ತರಕಾರಿಯವನು ಕೂಡ ‘ಕೇಳಿಸ್ತಮ್ಮಾ, ಅರ್ಧ ಕೇಜಿ ಬೀನ್ಸು’ ಎಂದು ಉತ್ತರಿಸುವುದನ್ನು ಕಲಿತುಬಿಟ್ಟಿದ್ದ.

ಆಕೆಯ ಜೊತೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದವನು ತಮ್ಮ. ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅಂಟು ಮೆತ್ತಿದ ಬೆರಳು, ತಗ್ಗಿದ ತಲೆ. ‘ಸ್ವಲ್ಪ ಮಾತು ಕಮ್ಮಿ ಅವನಿಗೆ’ ಎಂದಷ್ಟೇ ಅಕ್ಕ ಹೇಳುತ್ತಿದ್ದರು. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅವನ ಕಿವಿಯೊಳಗೆ ಯಾರ್‍ಯಾರೋ ಮಾತಾಡತೊಡಗಿದ್ದರು. ಆಸ್ಪತ್ರೆಯ ವಾಸ, ಗುಳಿಗೆ, ಮತ್ತೆ ಆಸ್ಪತ್ರೆ. ಇದೆಲ್ಲವನ್ನೂ ಆಕೆ ಏಳು ವರ್ಷ ಬಾಯಿಗೆ ಬೀಗ ಹಾಕಿ ಕಾಪಾಡಿದ್ದರು.

ಒಂದು ಭಾನುವಾರದ ಮಧ್ಯಾಹ್ನ ಅಕ್ಕತಮ್ಮ ಬಟಾಣಿ ಸುಲಿಯುತ್ತ ಟೀವಿಯ ಮುಂದೆ ಕೂತಿದ್ದಾಗ ಹಳೆಯ ಚಿತ್ರವೊಂದರಲ್ಲಿ ಆ ನಗೆ ಮೊಳಗಿತಂತೆ; ಅಕ್ಕನೇ ಆಮೇಲೆ ನನಗೆ ಹೇಳಿದ್ದು.

“ಅಕ್ಕಾ, ಇದು ನಿನ್ ದನಿ ಅಲ್ವಾ?”

“ಹೂಂ.”

ಅವನು ಇನ್ನೊಂದು ಕಾಯಿ ಬಿಡಿಸಿದ. “ನಾನ್ ಯಾವತ್ತಾದ್ರೂ ಹೀಗ್ ನಕ್ಕಿದ್ದೀನಾ?”

“ಇಲ್ಲ ಕಣೋ.”

“ಮತ್ತೆ ಯಾರನ್ನ ನೋಡಿ ಕಲಿತೆ?”

ಕೋಪವಿರಲಿಲ್ಲ, ಬರೀ ಕುತೂಹಲ. ಆಸ್ಪತ್ರೆಯ ಮೊಗಸಾಲೆಗಳಲ್ಲಿ ವರ್ಷಗಟ್ಟಲೆ ಕೂತಿದ್ದರೂ ಹಾಗೆ ನಕ್ಕ ಒಂದು ಜೀವವನ್ನೂ ಅಕ್ಕ ಕಂಡಿರಲಿಲ್ಲ. ಆ ನಗೆಯನ್ನು ಅವರು ಕಲಿತದ್ದು ಮತ್ತೊಂದು ಸಿನಿಮಾದಿಂದ.

ಮರುವಾರ ಹೊಸ ಚಿತ್ರದ ಕೆಲಸ. ಮದುವೆಮನೆಯ ಬಾಗಿಲಲ್ಲಿ ಹುಚ್ಚಿಯೊಬ್ಬಳು ಬಂದು ನಿಲ್ಲುತ್ತಾಳೆ, ನಗಬೇಕು. ಅಕ್ಕ ಕಿವಿಯ ಮೇಲಿನ ಹೆಡ್‌ಫೋನು ತೆಗೆದಿಟ್ಟರು. “ಆಗಲ್ಲ ಸಾರ್.”

“ನಗದಿದ್ರೆ ಅವಳು ಹುಚ್ಚಿ ಅಂತ ಜನಕ್ಕೆ ಹೇಗಮ್ಮಾ ಗೊತ್ತಾಗ್ಬೇಕು?” ಎಂದರು ನಿರ್ದೇಶಕರು.

“ಹೊರಗೆ ಬೆಂಚ್ ಮೇಲೆ ಕೂತಿದ್ದಾನಲ್ಲ, ನನ್ ತಮ್ಮ. ಅವನಿಗೆ ಅದೇ ಕಾಯಿಲೆ. ಎಷ್ಟೋ ಸಲ ಅವನ ಪಕ್ಕ ಕೂತು ಟೀ ಕುಡಿದಿದ್ದೀರಿ. ನಿಮಗೆ ಗೊತ್ತಾಯ್ತಾ ಸಾರ್?”

ಏಳು ವರ್ಷದ ಬೀಗ ಹೀಗೆ ಒಂದು ಉಸಿರಿನಲ್ಲಿ ಕಳಚಿಬಿತ್ತು. ಗಾಜಿನ ಈಚೆ ನನ್ನ ಕೈ ಗುಂಡಿಯ ಮೇಲೆ ಹಾಗೆಯೇ ನಿಂತಿತ್ತು. ನಿರ್ದೇಶಕರು ಮುಖ ಗಂಟಿಕ್ಕಿ ಇನ್ನೊಬ್ಬಳನ್ನು ಕರೆಸಿ ನಗಿಸಿದರು. ಆಮೇಲೆ ವರ್ಷವೊಂದು ಅಕ್ಕನಿಗೆ ಕರೆಯೇ ಬರಲಿಲ್ಲ.

ಖಾಲಿ ಕೂರುವ ಜಾಯಮಾನ ಅವರದಲ್ಲ. ನನ್ನನ್ನೂ ನನ್ನ ಯಂತ್ರವನ್ನೂ ಎಳೆದುಕೊಂಡು ತಮ್ಮನನ್ನೂ ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾಗಿದ್ದ ಮೂವರನ್ನೂ ಒಪ್ಪಿಸಿ, ಅವರವರ ಮಾತನ್ನು ಅವರವರ ದನಿಯಲ್ಲೇ ಹಿಡಿದು ರೇಡಿಯೋಗೆ ಕೊಟ್ಟರು. ಹಿನ್ನೆಲೆಗೆ ಒಂದಿಷ್ಟು ಪಿಟೀಲು ಇರಲಿ ಎಂದೆ. “ಪಿಟೀಲು ಹಾಕಿದ್ರೆ ನಿನ್ ಕಾಲು ಮುರೀತೀನಿ. ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ಬಂದಿಲ್ಲ ಅವರು. ಕೇಳಿಸ್ತಾ?” ತಮ್ಮ ಹೇಳಿದ್ದು ರಟ್ಟು ಕಟ್ಟುವುದರ ಬಗ್ಗೆ; ನಡುವೆ ಒಳಗಿನ ದನಿಗಳು ಎದ್ದಾಗ ಪುಟ ಎಣಿಸುತ್ತೇನೆಂದೂ, ಆಗ ಯಾರಾದರೂ ಪಕ್ಕದಲ್ಲಿ ಸುಮ್ಮನೆ ಕೂತರೆ ಸಾಕೆಂದೂ ಸೇರಿಸಿದ. ಊರೇನೂ ತಲೆಕೆಳಗಾಗಲಿಲ್ಲ. ಇವನನ್ನು ಕಂಡರೆ ಮಗುವನ್ನು ಒಳಗೆ ಕರೆದುಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಒಂದು ದಿನ ಹರಿದ ನಿಘಂಟು ಹಿಡಿದು ಬಂದು, “ಇದನ್ನ ಕಟ್ಟಿಕೊಡ್ತೀರಾ?” ಎಂದು ಕೇಳಿದರು, ಅಷ್ಟೆ. ಎದುರುಮನೆಯವರು ಮಾತ್ರ ಮೊದಲಿನಂತೆಯೇ ಕಿಟಕಿ ಮುಚ್ಚಿಕೊಂಡರು.

ಎರಡು ವರ್ಷ ಕಳೆದು, ರೇಡಿಯೋದಲ್ಲಿ ತಮ್ಮನ ಮಾತು ಕೇಳಿದ್ದ ಅದೇ ನಿರ್ದೇಶಕರು ಹೊಸ ಕಥೆಯ ಹಾಳೆಗಳೊಡನೆ ಬಂದರು. ನೇರ ಬೆಂಚಿನ ಬಳಿ ಹೋಗಿ ಕೂತು ತಮ್ಮನ ಕೈಗೆ ಕೊಟ್ಟು, “ಓದಿ ನೋಡಪ್ಪಾ, ಎಲ್ಲಿ ತಪ್ಪಿದೆ ಹೇಳು” ಎಂದರು. ಅವನು ನಿಧಾನವಾಗಿ ಓದಿದ. ಕೊನೆಗೆ, ತನ್ನದೇ ಕಾಯಿಲೆಯ ಹೆಂಗಸೊಬ್ಬಳು ಬರುವ ಸಾಲಿನ ಮೇಲೆ ಬೆರಳಿಟ್ಟು, “ಈಕೆಯನ್ನ ಯಾಕೆ ಬಾಗಿಲಲ್ಲೇ ನಿಲ್ಲಿಸಿದ್ದೀರಿ? ಒಳಗೆ ಕರೀರಿ” ಎಂದ. ಚಿತ್ರದಲ್ಲಿ ಆ ಹೆಂಗಸು ಒಳಗೆ ಬಂದು, ಎಲ್ಲರ ಸಾಲಿನಲ್ಲಿ ಊಟಕ್ಕೆ ಕೂತು, ನೀರು ಕೇಳುತ್ತಾಳೆ. ಆ ದನಿ ಅಕ್ಕನದು.

ತಾವು ಮಾಡುವ ಕಸುಬು ಯಾರನ್ನೋ ನೋಯಿಸಿದೆಯೆಂದು ತಿಳಿದಾಗ ಅದನ್ನು ಬಿಟ್ಟು ದೂರ ಸರಿದು ಸಜ್ಜನರಾಗಿ ಬಾಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅವರ ಮನಸ್ಸು ತಿಳಿಯಾಗುತ್ತದೆ, ನೋವು ಇದ್ದಲ್ಲೇ ಇರುತ್ತದೆ. ಅಪರೂಪಕ್ಕೆ ಕೆಲವರು ಮಾತ್ರ ಅದೇ ಜಾಗದಲ್ಲಿ, ಅದೇ ಹತ್ಯಾರು ಹಿಡಿದು, ತಾವೇ ಹಾಕಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುತ್ತ ಕೂರುತ್ತಾರೆ. ಅಂಥವರನ್ನು ಯಾರೂ ಸುಧಾರಕರೆಂದು ಕರೆಯುವುದಿಲ್ಲ. ಕರೆದರೂ ಅವರಿಗೆ ತಿರುಗಿ ನೋಡಲು ಪುರುಸೊತ್ತಿರುವುದಿಲ್ಲ.